ಚಾರ್ಮಾಡಿಯಲ್ಲಿ ಕುದ್ದ ಓಮ್ನಿ

ನನ್ನ ಓಮ್ನಿ 2004ರದ್ದು. ಹಿಂದಿನ ಸೀಟು ಕಿತ್ತು ಪ್ಲೈವುಡ್ ಮಂಚ, ಬ್ಯಾಟರಿ, 20 ಲೀಟರಿನ ಎರಡು ನೀರಿನ ಕ್ಯಾನು, ಸ್ಟವ್ ಹಾಕಿ ಅದನ್ನೇ ಓಡಾಡುವ ಮನೆ ಮಾಡಿಕೊಂಡಿದ್ದೇನೆ. ಉಜಿರೆಯಿಂದ ಚಾರ್ಮಾಡಿ ಘಾಟಿ ಹತ್ತುವಾಗ ಕೂತ ಸೀಟು ಬಿಸಿಯಾಗತೊಡಗಿತು. ಓಮ್ನಿ ಇಂಜಿನ್ ಇರುವುದೇ ಮುಂದಿನ ಸೀಟಿನ ಕೆಳಗೆ. ಹಾಗಾಗಿ ಮೀಟರ್ ನೋಡುವ ಮೊದಲೇ ಸುದ್ದಿ ಮುಟ್ಟಿಬಿಡುತ್ತದೆ! ಮುಳ್ಳು ಕೆಂಪು ಗೆರೆ ದಾಟಿತ್ತು. ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ನಿಲ್ಲಿಸಿ, ಇಂಜಿನ್ನಿನ ನೀರು ತಣಿಸುವ ರೇಡಿಯೇಟರಿನ ಕ್ಯಾಪ್ ಮುಟ್ಟದೆ ಮುಕ್ಕಾಲು ಗಂಟೆ ಕಾದೆ. ಆಮೇಲೆ ರೇಡಿಯೇಟರ್ ಎರಡು ಲೀಟರ್ ನೀರು ಕುಡಿಯಿತು.

ಊರಿಗೆ ಬಂದ ಮೇಲೆ ಒಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. "ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್, ಹೆಡ್ ಇಳಿಸ್ಬೇಕು" ಅಂದರು. ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಕೂರುವ ಸೀಲ್ ಅದು. ಇರಬಹುದು, ಆದರೆ ಹೆಡ್ ಇಳಿಸುವುದು ಕೊನೆಯ ಕೆಲಸ. ಮನೆಗೆ ತಂದು, ಗಾಡಿ ಯಾವಾಗ ಬಿಸಿಯಾಗುತ್ತದೆ, ಯಾವಾಗ ಆಗಲ್ಲ ಅಂತ ಚೀಟಿಯಲ್ಲಿ ಬರೆದೆ. ಟ್ರಾಫಿಕ್‌ನಲ್ಲಿ ನಿಂತರೆ ಆಗಲ್ಲ. ಅಂದರೆ ಫ್ಯಾನ್ ಸರಿಯಿದೆ. ಸಪಾಟು ರಸ್ತೆಯಲ್ಲಿ ಅರವತ್ತರಲ್ಲಿ ಹೋದರೂ ಆಗಲ್ಲ. ಬದಲಿಗೆ ಬೆಳಗ್ಗೆ ಮುಳ್ಳು ಮೇಲೇಳಲು 15 ಕಿಲೋಮೀಟರ್ ಬೇಕು. ಏರಿನಲ್ಲಿ, ಎರಡನೇ ಗೇರಿನಲ್ಲಿ ಮಾತ್ರ ಕುದಿಯುತ್ತದೆ.

ಸಪಾಟಿನಲ್ಲಿ ಅಷ್ಟು ತಣ್ಣಗಿರುವ ಇಂಜಿನ್ ಏರಿನಲ್ಲಿ ಕುದಿಯುವುದು ವಿಚಿತ್ರ ಅಲ್ವಾ? ಇಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದೆ ತಡೆಯುವ ವಾಲ್ವ್, ಅಂದರೆ ಥರ್ಮೋಸ್ಟಾಟ್, ಕೂರುವ ಜಾಗ ಬಿಚ್ಚಿದೆ. ಖಾಲಿ! ಯಾರೋ ಹಿಂದೆ ತೆಗೆದು ಬಿಸಾಕಿದ್ದರು. ಗಾಡಿ ಹೀಟ್ ಆಯಿತೆಂದರೆ ವಾಲ್ವ್ ಕಿತ್ತೆಸೆಯುವುದು ನಮ್ಮಲ್ಲಿ ಹಳೇ ಅಭ್ಯಾಸ. ಅದರಿಂದ ಮೂಲ ತೊಂದರೆ ಮುಚ್ಚಿಹೋಗುತ್ತದೆ, ಅಷ್ಟೇ.

ಹೆಡ್ ಗ್ಯಾಸ್ಕೆಟ್ ಅನುಮಾನ ಇನ್ನೂ ಇತ್ತು. ತಣ್ಣಗಿದ್ದಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ ರೇಡಿಯೇಟರ್ ಬಾಯಲ್ಲಿ ಗುಳ್ಳೆ ಬರುತ್ತದಾ ನೋಡಿದೆ. ಬರಲಿಲ್ಲ. ಆಯಿಲ್ ಹಾಲು ಬೆರೆಸಿದ ಕಾಫಿ ಥರ ಆಗಿರಲಿಲ್ಲ. ಸೈಲೆನ್ಸರಿನಲ್ಲಿ ಬಿಳಿ ಹೊಗೆಯೂ ಇಲ್ಲ. ಸದ್ಯಕ್ಕೆ ಹೆಡ್ ಬಚಾವ್.

ಆಮೇಲೆ ಮುಟ್ಟದೆ ದೂರದಿಂದಲೇ ಬಿಸಿ ಅಳೆಯುವ ಟೆಂಪರೇಚರ್ ಗನ್ ಸಾಲ ತಂದೆ. ಇಂಜಿನ್ ಚೆನ್ನಾಗಿ ಬಿಸಿ ಮಾಡಿ ರೇಡಿಯೇಟರ್ ಮುಖದ ಮೇಲೆ ಅಡ್ಡಕ್ಕೆ ಗುರಿ ಹಿಡಿದು ಹೋದೆ. ಹೊಳೆಯುವ ಲೋಹದ ಮೇಲೆ ಈ ಗನ್ ಸುಳ್ಳು ಹೇಳುತ್ತದೆ, ಅದಕ್ಕೆ ಅಂಥ ಕಡೆ ಕಪ್ಪು ಇನ್ಸುಲೇಷನ್ ಟೇಪ್ ತುಂಡು ಅಂಟಿಸಿದ್ದೆ. ಎಡಗಡೆ 78 ಡಿಗ್ರಿ, ಬಲಗಡೆ 75. ಮಧ್ಯೆ ಒಂದು ಗೇಣು ಅಗಲಕ್ಕೆ 46! ನನ್ನದು ಮೇಲಿಂದ ಕೆಳಗೆ ನೀರು ಇಳಿಯುವ ತಾಮ್ರದ ರೇಡಿಯೇಟರ್. ಒಂದೇ ಎತ್ತರದಲ್ಲಿ ಇಷ್ಟು ವ್ಯತ್ಯಾಸ ಬಂದರೆ ಮಧ್ಯದ ಕೊಳವೆಗಳಲ್ಲಿ ನೀರೇ ಇಳಿಯುತ್ತಿಲ್ಲ ಎಂದರ್ಥ. ಸಪಾಟಿಗೆ ಉಳಿದ ಕೊಳವೆ ಸಾಕಾಗುತ್ತಿತ್ತು, ಮಂಚ, ಕ್ಯಾನು ಎಲ್ಲ ಹೊತ್ತು ಘಾಟಿ ಹತ್ತಲು ಸಾಕಾಗಲಿಲ್ಲ.

ರೇಡಿಯೇಟರ್ ಅಂಗಡಿಯವರು ಮೇಲಿನ ಟ್ಯಾಂಕಿನ ಬೆಸುಗೆ ಬಿಡಿಸಿ ತೋರಿಸಿದರು. ಹಳೇ ಬಾಯ್ಲರ್ ತಳದಂತೆ ಬೆಳ್ಳಗೆ ಸುಣ್ಣ ಕಟ್ಟಿತ್ತು. ಬೋರ್‌ವೆಲ್ ನೀರಿನ ಕರಾಮತ್ತು. ಆ ನೀರು ಹಾಕಿದವನು ನಾನೇ, ಮೂರು ವರ್ಷ.

ಕ್ಯಾಪಿನ ರಬ್ಬರೂ ಬಿರುಕು ಬಿಟ್ಟಿತ್ತು. ಇಂಜಿನ್ ಬಿಸಿಯಿದ್ದಾಗಲೂ ಮೇಲಿನ ಹೋಸ್ ಮೆತ್ತಗಿರುತ್ತಿದ್ದದ್ದು ಅದಕ್ಕೇ. 0.9 ಬಾರ್‌ನ ಕ್ಯಾಪ್ ಒತ್ತಡ ಹಿಡಿದರೆ ನೀರು ಸುಮಾರು 118 ಡಿಗ್ರಿವರೆಗೆ ಕುದಿಯಲ್ಲ. ಹಿಡಿಯದಿದ್ದರೆ ಘಾಟಿಯ ಮೇಲೆ 97ರ ಸುಮಾರಿಗೇ ಕುದಿಯುತ್ತದೆ.

ಕೊಳವೆಗಳಿಗೆ ರಾಡ್ ಹೊಡೆಸಿ ಸುಣ್ಣ ತೆಗೆಸಿ, ಹೊಸ ಕ್ಯಾಪ್ ಹಾಕಿಸಿದೆ. 82 ಡಿಗ್ರಿಯ ಹೊಸ ಥರ್ಮೋಸ್ಟಾಟನ್ನು ಮೊದಲು ಹಾಲು ಕಾಯಿಸುವ ಪಾತ್ರೆಯಲ್ಲಿ ನೀರಿಗೆ ಹಾಕಿ ಕಾಯಿಸಿದೆ. ಅಮ್ಮ ಬೈದರು, ಆದರೆ ವಾಲ್ವ್ ಸರಿಯಾಗಿ ಬಾಯಿ ಬಿಟ್ಟಿತು. ಬಳಿಕ ಡಿಸ್ಟಿಲ್ಡ್ ನೀರು, ಕೂಲೆಂಟ್ ಅರ್ಧರ್ಧ ಬೆರೆಸಿ, ಗಾಡಿಯ ಮೂತಿ ಎತ್ತರಕ್ಕೆ ನಿಲ್ಲಿಸಿ ನಿಧಾನಕ್ಕೆ ತುಂಬಿದೆ. ಇಲ್ಲದಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡು ಮತ್ತೆ ಅದೇ ಕಥೆ.

ಹದಿನೈದು ದಿನ ಬಿಟ್ಟು ಅದೇ ಸಾಮಾನು ಹೇರಿಕೊಂಡು ಚಾರ್ಮಾಡಿ ಹತ್ತಿದೆ. ಮುಳ್ಳು ಅರ್ಧದಿಂದ ಒಂದು ಕೂದಲೆಳೆ ಮೇಲೆ ಹೋಗಿ ನಿಂತಿತು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಬಂದು ನೋಡಿದರೆ ಹೋಸ್ ಕಲ್ಲಿನಂತೆ ಗಟ್ಟಿ. ಮರುದಿನ ತಣ್ಣಗಾದ ಮೇಲೆ ರೇಡಿಯೇಟರಿಗೆ ಜೋಡಿಸಿದ ಕೂಲೆಂಟ್ ಬಾಟಲಿಯಲ್ಲಿ ಒಂದು ಲೋಟದಷ್ಟು ಇಳಿದಿತ್ತು, ಉಳಿದ ಗಾಳಿ ಹೊರಬಿದ್ದಿರಬೇಕು. ತುಂಬಿದೆ. ಮತ್ತೆ ಇಳಿದಿಲ್ಲ.