ಫೈರ್‌ಮನ್ ಸ್ಯಾಮ್ ಪಾತ್ರಗಳನ್ನ ಇಟ್ಕೊಂಡು ಮುಂಬೈ ಮಕ್ಕಳ ಕೈಲಿ ಕನ್ನಡ ನಾಟಕ ಮಾಡಿಸೋದು ಹೇಗೆ

ಪ್ರತಿ ಸಲ ಕನ್ನಡ ಸಂಘದ ಕಾರ್ಯಕ್ರಮ ಅಂದ್ರೆ ಮಕ್ಕಳಿಗೆ ಒನಕೆ ಓಬವ್ವ, ಕಿತ್ತೂರು ಚೆನ್ನಮ್ಮ, ಇಲ್ಲಾಂದ್ರೆ ಪುಣ್ಯಕೋಟಿ. ಅವೆಲ್ಲ ಚೆನ್ನಾಗೇ ಇವೆ, ಬೇಡ ಅಂತಿಲ್ಲ, ಆದ್ರೆ ಥಾಣೆ ಡೊಂಬಿವ್ಲಿ ಕಡೆ ಇಂಗ್ಲಿಷ್ ಮೀಡಿಯಂನಲ್ಲಿ ಓದೋ ಆರು ವರ್ಷದ ಮಗು "ಎಲೆಲೆ ನೀಚ" ಅಂತ ಗಿಣಿಪಾಠ ಒಪ್ಪಿಸುವಾಗ ಅದಕ್ಕೂ ಅರ್ಥ ಆಗಲ್ಲ, ಕೆಳಗೆ ಕೂತಿರೋ ಅದರ ಫ್ರೆಂಡ್ಸಿಗೂ ಆಗಲ್ಲ. ಅದೇ ಮಗು ಮನೇಲಿ ಟ್ಯಾಬ್ ಹಿಡ್ಕೊಂಡು ಫೈರ್‌ಮನ್ ಸ್ಯಾಮ್ ಅನ್ನೋ ಮಕ್ಕಳ ಕಾರ್ಟೂನ್ ನೋಡ್ತಿರತ್ತೆ, ಯಾರು ಯಾರಿಗೆ ಏನಾಗ್ಬೇಕು, ಯಾವ ಗಾಡಿ ಹೆಸರೇನು ಎಲ್ಲ ಬಾಯಿಪಾಠ. ಹಾಗಿದ್ಮೇಲೆ ಆ ಊರಿನವರನ್ನೇ ಸ್ಟೇಜ್ ಮೇಲೆ ತಂದು ಕನ್ನಡ ಮಾತಾಡ್ಸಿದ್ರೆ ಆಯ್ತಲ್ಲ.

ಮೊದ್ಲು ಗೊತ್ತಿಲ್ಲದ ಅಪ್ಪ ಅಮ್ಮಂದಿರಿಗೆ ಎರಡು ಮಾತು. ಸ್ಯಾಮ್ ಕಥೆಗಳು ನಡೆಯೋ ಪಾಂಟಿಪ್ಯಾಂಡಿ ಅನ್ನೋದು ಬ್ರಿಟನ್ನಿನ ವೇಲ್ಸ್‌ನಲ್ಲಿರೋ ಕಾಲ್ಪನಿಕ ಹಳ್ಳಿ, ಪಾಂಟಿಪ್ರಿದ್, ಟೋನಿಪ್ಯಾಂಡಿ ಅಂತ ನಿಜವಾಗ್ಲೂ ಎರಡು ಊರಿವೆ, ಎರಡನ್ನೂ ಸೇರ್ಸಿ ಹೊಲಿದ ಹೆಸರು ಅದು. ಐಡಿಯಾ ಕೊಟ್ಟಿದ್ದು ಕೆಂಟ್ ಕಡೆಯ ಇಬ್ಬರು ಮಾಜಿ ಫೈರ್‌ಮನ್‌ಗಳು, ಬಿಬಿಸಿಯಲ್ಲಿ 1987ರಲ್ಲಿ ಶುರುವಾಯ್ತು, ವೆಲ್ಷ್ ಭಾಷೆಯಲ್ಲೂ ಇದೆ. ಆಗಿಂದು ಗೊಂಬೆಗಳನ್ನ ಒಂಚೂರು ಒಂಚೂರೇ ಸರಿಸಿ ಫೋಟೋ ತೆಗೆದು ಮಾಡಿದ ಸೀರೀಸ್, ಈಗಿನ ಮಕ್ಕಳು ನೋಡೋದು 2008ರಿಂದ ಬಂದಿರೋ ಕಂಪ್ಯೂಟರ್ ಆನಿಮೇಶನ್. ಹಳೇದ್ರಲ್ಲಿ ಜನ ಕಮ್ಮಿ, ಹೊಸದ್ರಲ್ಲಿ ಜಾಸ್ತಿ, ನಮಗೆ ಹೊಸದೇ ಬೇಕು, ಯಾಕಂದ್ರೆ ಸಂಘದಲ್ಲಿ ಪಾರ್ಟ್ ಸಿಗ್ಲಿಲ್ಲ ಅಂತ ಯಾರಾದ್ರೂ ಅಜ್ಜಿ ಮುನಿಸ್ಕೊಂಡ್ರೆ ಮುಗೀತು ಕಥೆ.

ಪಾತ್ರ ಹಂಚೋದೇ ಇಡೀ ಕೆಲಸದಲ್ಲಿ ಮುಖ್ಯ. ಎಲ್ಲರೂ ಮಾಡೋದು ಏನಂದ್ರೆ ಚೆನ್ನಾಗಿ ಮಾತಾಡೋ ಹುಡುಗನ್ನ ಸ್ಯಾಮ್ ಮಾಡ್ತಾರೆ. ಮಾಡ್ಬೇಡಿ. ಸ್ಯಾಮ್ ಒಳ್ಳೆಯವನು, ಧೈರ್ಯವಂತ, ಬಿಡುವಿದ್ದಾಗ ಏನೇನೋ ಯಂತ್ರ ಕಂಡುಹಿಡೀತಾನೆ, ಆದ್ರೆ ಅವನ ಮಾತು ಕಮ್ಮಿ, ತಪ್ಪು ಮಾಡೋದೇ ಇಲ್ಲ, ನಗು ಬರಲ್ಲ. ಕಥೆ ಓಡೋದೇ ನಾರ್ಮನ್ ಪ್ರೈಸ್‌ನಿಂದ. ಕೆಂಪುಕೂದಲ ತುಂಟ, ಊರಲ್ಲಿ ಏನು ಹೊತ್ಕೊಂಡ್ರೂ ಯಾರು ಎಲ್ಲಿ ಸಿಕ್ಕಾಕ್ಕೊಂಡ್ರೂ ಹಿಂದೆ ಇವನೇ ಇರ್ತಾನೆ. ನಿಮ್ಮ ಗುಂಪಿನ ಅತೀ ಚುರುಕು ಮಗು, ಹುಡುಗನೋ ಹುಡುಗಿಯೋ, ಅದನ್ನ ನಾರ್ಮನ್ ಮಾಡಿ. ಆಮೇಲೆ ಅವನಮ್ಮ ಡಿಲಿಸ್, ಅಂಗಡಿ ಇಟ್ಕೊಂಡು ಊರಿನ ಸುದ್ದಿಯೆಲ್ಲ ಮಾತಾಡೋಳು, ಮಗ ಏನ್ ಮಾಡಿದ್ರೂ ಅವಳ ಕಣ್ಣಿಗೆ ಅವನು ಚಿನ್ನ. ಮೂರನೇದು ಸ್ಟೇಷನ್ ಆಫೀಸರ್ ಸ್ಟೀಲ್, ಮೀಸೆ, ಟೋಪಿ, ಶಿಸ್ತು, ಎಲ್ಲಾ ರೂಲ್ ಪ್ರಕಾರ. ಈ ಮೂರು ಸರಿಯಾಗಿ ಕೂತ್ರೆ ಸ್ಯಾಮ್ ಪಾತ್ರಕ್ಕೆ ನಾಚಿಕೆ ಸ್ವಭಾವದ ಎತ್ತರದ ಹುಡುಗ ಸಾಕು.

ಇಲ್ಲಿ ಮುಂಬೈನಲ್ಲಿ ನಮಗೊಂದು ಅನುಕೂಲ ಇದೆ, ಅದು ಬೆಂಗಳೂರಿನವರಿಗೆ ಅಷ್ಟು ಸುಲಭವಾಗಿ ಸಿಗಲ್ಲ. ಒಂದೇ ಸಂಘದಲ್ಲಿ ಉಡುಪಿ ಕಡೆಯವರು, ಧಾರವಾಡ ವಿಜಾಪುರದವರು, ಮೈಸೂರು ಕಡೆಯವರು ಎಲ್ಲ ಇರ್ತಾರೆ, ಮಕ್ಕಳಿಗೆ ಬರೋ ಕನ್ನಡ ಅವರವರ ಮನೆ ಕನ್ನಡ. ಅದನ್ನ ತಿದ್ದೋಕೆ ಹೋಗ್ಬೇಡಿ, ಪಾತ್ರಕ್ಕೆ ಹಚ್ಚಿ. ಡಿಲಿಸ್‌ಗೆ ಮಂಗಳೂರು ಕನ್ನಡ ಎಷ್ಟು ಚೆನ್ನಾಗಿ ಒಗ್ಗತ್ತೆ ಅಂದ್ರೆ ಅವಳು ಹುಟ್ಟಿದ್ದೇ ಮೂಲ್ಕಿಯಲ್ಲಿ ಅನ್ನಿಸ್ಬೇಕು: "ಎಂತ ಮಾರಾಯ, ನಿಂಗೆ ಬುದ್ಧಿ ಉಂಟಾ, ಆ ಎಣ್ಣೆ ಯಾಕೆ ಮುಟ್ಲಿಕ್ಕೆ ಹೋದದ್ದು?" ಎಲ್ವಿಸ್ ಕ್ರಿಡ್ಲಿಂಗ್ಟನ್, ಅಂದ್ರೆ ಸ್ಟೇಷನ್‌ನಲ್ಲಿ ಅಡುಗೆ ಮಾಡೋ ಎಡವಟ್ಟು ಫೈರ್‌ಮನ್, ಅವನಿಗೆ ಧಾರವಾಡದ್ದು ಕೊಡಿ: "ಸರ, ಪಲ್ಯ ಸೀದೈತ್ರಿ, ಆದ್ರ ತಿನ್ನಾಕ ಬರ್ತೈತ್ರಿ." ಸ್ಟೀಲ್ ಮಾತ್ರ ಶುದ್ಧ ಗ್ರಾಂಥಿಕ ಕನ್ನಡ, ಹಳೇ ಆಕಾಶವಾಣಿ ವಾರ್ತೆಯ ಧಾಟಿ. ನಾರ್ಮನ್‌ಗೆ ಬಂಬಯ್ಯಾ ಹಿಂದಿ ಬೆರೆಸಿದ ಕನ್ನಡ, ಅದನ್ನ ಹೇಳ್ಕೊಡೋ ಕಷ್ಟವೇ ಇಲ್ಲ, ಎಲ್ಲ ಮಕ್ಕಳೂ ಅದನ್ನೇ ಮಾತಾಡ್ತಾವೆ.

ಒಂದು ತುಂಡು ಬರೆದು ತೋರಿಸ್ತೀನಿ, ಹೀಗೆ ಮುಂದುವರಿಸ್ಬಹುದು.

ಸ್ಟೀಲ್: ಅಗ್ನಿಶಾಮಕ ಸಿಬ್ಬಂದಿಯೇ, ತತ್‌ಕ್ಷಣ ಸನ್ನದ್ಧರಾಗಿ ವಾಹನವನ್ನೇರತಕ್ಕದ್ದು!
ಎಲ್ವಿಸ್: (ಸ್ಯಾಮ್ ಕಡೆ ನೋಡಿ) ಏನಂದ್ರಪಾ ಸಾಹೇಬ್ರು?
ಸ್ಯಾಮ್: ಗಾಡಿ ಹತ್ತು ಅಂದ್ರು.
ಎಲ್ವಿಸ್: ಹಂಗಂತ ಹೇಳ್ಬಾರದೇನ್ರಿ ಸರ!

ಇಷ್ಟಕ್ಕೇ ಹಾಲ್‌ನಲ್ಲಿರೋ ಧಾರವಾಡದವರೆಲ್ಲ ಚಪ್ಪಾಳೆ ಹೊಡೀತಾರೆ, ಗ್ಯಾರಂಟಿ.

ಮಿಕ್ಕ ಪಾತ್ರಗಳು ಬೇಗ ಬೇಗ ಹೇಳ್ತೀನಿ. ಸಾರಾ, ಜೇಮ್ಸ್ ಇಬ್ಬರೂ ಅವಳಿ ಮಕ್ಕಳು, ಸ್ಯಾಮ್ ಅವರ ಚಿಕ್ಕಪ್ಪನೋ ದೊಡ್ಡಪ್ಪನೋ ನೀವೇ ಡಿಸೈಡ್ ಮಾಡಿ, ಅಪ್ಪ ಚಾರ್ಲಿ ಮೀನುಗಾರ, ಅಮ್ಮ ಬ್ರಾನ್ವಿನ್ (ಮೊಗವೀರ ಮನೆ ಮಕ್ಕಳಿದ್ರೆ ಚಾರ್ಲಿ ಪಾತ್ರ ಅವರದೇ, ಬಲೆ ಹಿಡಿಯೋದನ್ನೂ ಅವರೇ ತೋರಿಸ್ತಾರೆ). ಮೈಕ್ ಫ್ಲಡ್ ರಿಪೇರಿ ಕೆಲಸದವನು, ಏಣಿ ಹತ್ತಿದ್ರೆ ಬೀಳೋದೇ. ಹೆಂಡ್ತಿ ಹೆಲೆನ್ ನರ್ಸ್, ಮಗಳು ಮ್ಯಾಂಡಿ ನಾರ್ಮನ್‌ನ ಜೊತೆಗಾತಿ. ಟಾಮ್ ಥಾಮಸ್ ಆಸ್ಟ್ರೇಲಿಯಾದವನು, ಹೆಲಿಕಾಪ್ಟರ್ ಅವನದು. ಹ್ಯಾನಾ ಸ್ಪಾರ್ಕ್ಸ್ ವೀಲ್‌ಚೇರ್‌ನಲ್ಲಿ ಓಡಾಡೋ ಹುಡುಗಿ, ಈ ಪಾತ್ರ ಇಟ್ಟರೆ ಅಯ್ಯೋ ಪಾಪ ಮಾಡಿ ಕೂರಿಸ್ಬೇಡಿ, ಎಲ್ಲ ಮಕ್ಕಳ ಜೊತೆ ಆಟಕ್ಕೂ ತಂಟೆಗೂ ಸೇರಿಸಿ. ತೀರಾ ಪುಟ್ಟ ಮಗು ಇದ್ರೆ ರೇಡಾರ್, ಸ್ಟೇಷನ್ ನಾಯಿ, ಡೈಲಾಗ್ ಇಲ್ಲ, ಬೊಗಳಿದ್ರೆ ಸಾಕು.

ಪೆನ್ನಿ ಮಾರಿಸ್ ಬಗ್ಗೆ ಸ್ವಲ್ಪ ನಿಲ್ತೀನಿ. ಹಳೇ ಸೀರೀಸ್‌ನಿಂದಲೇ ಇರೋ ಹೆಣ್ಣು ಫೈರ್‌ಫೈಟರ್, ವೀನಸ್ ಅನ್ನೋ ರೆಸ್ಕ್ಯೂ ಗಾಡಿ ಓಡಿಸ್ತಾಳೆ. ಆದ್ರೂ ಹೆಸರಲ್ಲೇ "ಮನ್" ಇದೆ ಅನ್ನೋ ಗಲಾಟೆ ಅಲ್ಲೂ ಆಗಿದೆ, 2019ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್ ಅಗ್ನಿಶಾಮಕ ದಳ ಸ್ಯಾಮ್‌ನ ತನ್ನ ಪ್ರಚಾರದಿಂದ ಕೈಬಿಡ್ತು, ಈಗಿನ ಕಾಲಕ್ಕೆ ಒಗ್ಗಲ್ಲ ಅಂತ. ನನ್ನ ಪ್ರಕಾರ ಪೆನ್ನಿಗೆ ಮೂಲೇಲಿ ನಿಂತು "ಹೌದು ಸ್ಯಾಮ್" ಅನ್ನೋ ಕೆಲಸ ಕೊಡೋ ಬದ್ಲು ಬೆಂಕಿ ಆರಿಸೋ ಮುಖ್ಯ ಘಟ್ಟವನ್ನೇ ಅವಳ ಕೈಗೆ ಕೊಟ್ಬಿಡಿ.

ಟ್ರೆವರ್ ಇವಾನ್ಸ್ ಪಾತ್ರ ಇಲ್ಲಿನ ಮಕ್ಕಳಿಗೆ ಬಿಡಿಸಿ ಹೇಳ್ಬೇಕಾಗತ್ತೆ. ಅವನು ಬಸ್ ಡ್ರೈವರ್, ಆದ್ರೆ ಬೆಂಕಿ ಬಿದ್ರೆ ಹೆಲ್ಮೆಟ್ ಹಾಕ್ಕೊಂಡು ಬರ್ತಾನೆ. ಮಕ್ಕಳು ಕೇಳ್ತಾವೆ, ನಮ್ಮ ಸಿಟಿ ಬಸ್ (BEST) ಡ್ರೈವರ್ ಅಂಕಲ್ ಹೀಗೆ ಮಾಡ್ತಾರಾ ಅಂತ. ಇಲ್ಲ, ಮುಂಬೈ ಫೈರ್ ಬ್ರಿಗೇಡ್‌ನವರಿಗೆ ಅದೇ ನೌಕರಿ. ಬ್ರಿಟನ್ನಿನ ಹಳ್ಳಿಗಳಲ್ಲಿ ಹಾಗಲ್ಲ, ಅಲ್ಲಿ ಬೇರೆ ಕಸುಬು ಮಾಡೋ ಜನವೇ ಟ್ರೈನಿಂಗ್ ತಗೊಂಡಿರ್ತಾರೆ, ಕರೆ ಬಂದ ತಕ್ಷಣ ಅಂಗಡಿನೋ ಗ್ಯಾರೇಜೋ ಬಿಟ್ಟು ಸ್ಟೇಷನ್‌ಗೆ ಓಡ್ತಾರೆ. ಟ್ರೆವರ್ ಎಂಟ್ರಿಗೂ ಇದನ್ನೇ ಬಳಸ್ಕೊಳ್ಳಿ: ಬಸ್ಸಿನ ಸ್ಟೇರಿಂಗ್ ಪ್ರಯಾಣಿಕರ ಕೈಗೆ ಕೊಟ್ಟು ಇಳಿದು ಓಡ್ಲಿ. (ಗಾಡಿ ನಿಲ್ಸಿ ಆಮೇಲೆ!)

ಇನ್ನು ಕಥೆ. ಸೀರೀಸ್‌ನ ಎಪಿಸೋಡ್ ನಕಲು ಮಾಡೋದು ಬೇಡ, ಅಚ್ಚು ಮಾತ್ರ ತಗೊಳ್ಳಿ: ನಾರ್ಮನ್ ಏನೋ ತಂಟೆ ಮಾಡ್ತಾನೆ, ಯಾರೋ ಅಪಾಯಕ್ಕೆ ಸಿಕ್ತಾರೆ, ಫೋನ್ ಹೋಗತ್ತೆ, ಜೂಪಿಟರ್ ಅನ್ನೋ ಫೈರ್ ಇಂಜಿನ್ ಬರತ್ತೆ, ಉಳಿಸ್ತಾರೆ, ಹೀಗೆ ಮಾಡ್ಬಾರ್ದಪ್ಪ ಅಂತ ಹೇಳ್ತಾರೆ. ನಾನು ಹೇಳೋದು ಎಣ್ಣೆ ಬೆಂಕಿ ಕಥೆ. ಡಿಲಿಸ್ ಅಂಗಡಿ ಹಿಂದೆ ಚಿಪ್ಸ್ ಕರಿಯೋಕೆ ಎಣ್ಣೆ ಇಟ್ಟು ಫೋನಲ್ಲಿ ಹರಟೆಗೆ ನಿಂತಿದ್ದಾಳೆ, ನಾರ್ಮನ್ ಹೋಗಿ ಉರಿ ಜೋರು ಮಾಡ್ತಾನೆ, ಬಾಣಲೆ ಹೊತ್ಕೊಳತ್ತೆ. ಮೈಕ್ ಫ್ಲಡ್ ಬಕೆಟ್ ನೀರು ತರ್ತಾನೆ. ಅಲ್ಲಿ ಎಲ್ಲರೂ ಸ್ಟ್ಯಾಚ್ಯೂ! ಪೆನ್ನಿ ಮುಂದೆ ಬಂದು ನೀರು ಯಾಕೆ ಹಾಕ್ಬಾರ್ದು ಅಂತ ಹೇಳ್ತಾಳೆ. ನೀರು ಎಣ್ಣೆಗಿಂತ ಭಾರ, ಕೆಳಗೆ ಇಳಿಯತ್ತೆ, ಕಾದ ಎಣ್ಣೆಗೆ ತಾಗಿ ಒಂದೇ ಕ್ಷಣಕ್ಕೆ ಆವಿ ಆಗತ್ತೆ, ಆವಿ ಆದಾಗ ಸುಮಾರು 1700 ಪಟ್ಟು ಹಿಗ್ಗಿ ಉರಿಯೋ ಎಣ್ಣೆಯನ್ನ ಮೇಲಕ್ಕೆ ಎಗರಿಸತ್ತೆ. ಇದನ್ನ ಮಕ್ಕಳ ಕೈಲೇ ಮಾಡಿಸಿ ತೋರಿಸ್ಬಹುದು: ಬಕೆಟಿನಿಂದ ನೀಲಿ ದುಪಟ್ಟಾ, ಬಾಣಲೆಯೊಳಗಿಂದ ಧಡಾರ್ ಅಂತ ಕೇಸರಿ ದುಪಟ್ಟಾ ಆಚೆಗೆ. ಆಮೇಲೆ ಸರಿಯಾದ ದಾರಿ, ದೊಡ್ಡವರಿಗೆ ಕೈಗೆ ಎಟಕೋ ಹಾಗಿದ್ರೆ ಗ್ಯಾಸ್ ಆಫ್, ಮುಚ್ಚಳ ಮುಚ್ಚೋದು, ತಣ್ಣಗಾಗೋವರೆಗೂ ತೆಗೀಬಾರ್ದು. ಮಕ್ಕಳ ಕೆಲಸ ಮುಚ್ಚಳ ಮುಚ್ಚೋದಲ್ಲ, ಕಿರುಚಿ ದೊಡ್ಡವರನ್ನ ಕರೆದು ಹೊರಗೆ ಓಡೋದು. ಈ ವ್ಯತ್ಯಾಸ ಸ್ಕ್ರಿಪ್ಟಿನಲ್ಲಿ ಖಂಡಿತ ಇರ್ಬೇಕು, ಇಲ್ಲಾಂದ್ರೆ ನಾಳೆ ಯಾವುದೋ ಪುಟ್ಟ ಪೆನ್ನಿ ಅಡುಗೆಮನೇಲಿ ಹೀರೋ ಆಗೋಕೆ ಹೋಗ್ತಾಳೆ.

ಫೋನ್ ಸೀನ್ ಮರೀಬೇಡಿ. ಬ್ರಿಟನ್ನಲ್ಲಿ ನಂಬರ್ 999, ಸೀರೀಸ್ ನೋಡೋ ನಮ್ಮ ಮಕ್ಕಳ ತಲೇಲೂ ಅದೇ ಕೂತಿದ್ರೆ ಕಷ್ಟ. ಡಿಲಿಸ್ ಗಾಬರಿಯಲ್ಲಿ 999 ಒತ್ಲಿ, ಅಷ್ಟೊತ್ತಿಗೆ ಮುಂದಿನ ಸಾಲಲ್ಲಿ ಮೊದ್ಲೇ ಕೂರಿಸಿಟ್ಟ ನಾಲ್ಕು ಮಕ್ಕಳು ಎದ್ದು "ಆಂಟೀ, ಇಲ್ಲಿ 101!" ಅಂತ ಕೂಗ್ಲಿ, ಇನ್ನೊಂದು "112 ಆದ್ರೂ ನಡೆಯತ್ತೆ" ಅನ್ಲಿ. ಡಿಲಿಸ್ ಫೋನಲ್ಲಿ ಹೆಸರಿನ ಜೊತೆ ಬಿಲ್ಡಿಂಗ್, ವಿಂಗ್, ಮಾಳಿಗೆ, ಹತ್ತಿರದ ಗುರುತು ಎಲ್ಲ ಹೇಳ್ಬೇಕು, ನಿಮ್ಮ ಸೊಸೈಟಿ ವಿಳಾಸವನ್ನೇ ಹಾಕಿ, ಹಾಗಾದ್ರೂ ಮಕ್ಕಳಿಗೆ ತಮ್ಮ ಅಡ್ರೆಸ್ ಬಾಯಿಗೆ ಬರತ್ತೆ. ಕೊನೇಲಿ ಎಲ್ವಿಸ್ ಲಿಫ್ಟ್ ಹತ್ತೋಕೆ ಹೋಗೋದು, ಸ್ಟೀಲ್ ಅವನ ಕಾಲರ್ ಹಿಡಿದು ಮೆಟ್ಟಿಲ ಕಡೆ ತಿರುಗ್ಸೋದು, ಹೊಗೆ ಇದ್ರೆ ಬಗ್ಗಿ ನಡೆಯೋದು, ಇಷ್ಟು ಸೇರಿಸಿದ್ರೆ ಹನ್ನೆರಡು ನಿಮಿಷಕ್ಕೆ ಬರತ್ತೆ, ಅದಕ್ಕಿಂತ ಉದ್ದ ಮಾಡ್ಬೇಡಿ, ಜನ ಊಟದ ಹಾಲ್ ಕಡೆ ನೋಡೋಕೆ ಶುರು ಮಾಡ್ತಾರೆ.

ಯಾವಾಗ ಮಾಡೋದು ಅಂದ್ರೆ ಏಪ್ರಿಲ್ 14ರಿಂದ 20ರವರೆಗೆ ದೇಶದಲ್ಲೆಲ್ಲ ಅಗ್ನಿಶಾಮಕ ಸಪ್ತಾಹ ಇರತ್ತೆ, ಆಗ. ಆ ತಾರೀಖು ಮುಂಬೈದೇ. 1944 ಏಪ್ರಿಲ್ 14ಕ್ಕೆ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟೈಕಿನ್ ಅನ್ನೋ ಹಡಗಿಗೆ ಬೆಂಕಿ ಬಿತ್ತು, ಒಳಗೆ ಹತ್ತಿ ಬೇಲ್‌ಗಳೂ ಇದ್ವು, ಸ್ಫೋಟಕಗಳೂ ಇದ್ವು, ಆರಿಸ್ತಾ ಇರುವಾಗ್ಲೇ ಹಡಗು ಸಿಡೀತು, 66 ಜನ ಅಗ್ನಿಶಾಮಕ ಸಿಬ್ಬಂದಿ ಹೋದ್ರು. ಇದನ್ನ ಪುಟ್ಟ ಮಕ್ಕಳ ನಾಟಕದೊಳಗೆ ತುರುಕ್ಬೇಡಿ, ನಿರೂಪಣೆ ಮಾಡೋ ಹಿರಿಯರು ಶುರುವಲ್ಲಿ ನಾಲ್ಕು ವಾಕ್ಯ ಹೇಳ್ಲಿ, ಸಾಕು. ಫೈರ್ ಬ್ರಿಗೇಡ್‌ನ ಮುಖ್ಯ ಕಚೇರಿ ಬೈಕಲಾದಲ್ಲಿದೆ, ಮಕ್ಕಳಿಗೆ ಗಾಡಿ ತೋರಿಸ್ಬೇಕು ಅಂದ್ರೆ ನಿಮ್ಮ ಹತ್ತಿರದ ಸ್ಟೇಷನ್‌ನಲ್ಲೇ ಮೊದ್ಲು ಹೋಗಿ ಕೇಳಿ.

ಸಾಮಾನು ಖರ್ಚು ಹೆಚ್ಚಿಲ್ಲ. ಹಳದಿ ಹೆಲ್ಮೆಟ್ ಪ್ಲಾಸ್ಟಿಕ್ಕಿಂದು, ನೇವಿ ಬ್ಲೂ ಶರ್ಟ್ ಶಾಲೆದೇ ಇರತ್ತೆ, ಅದರ ಮೇಲೆ ಮಿಂಚೋ ಟೇಪ್. ಜೂಪಿಟರ್‌ಗೆ ಫ್ರಿಜ್ ಬಂದ ರಟ್ಟಿನ ಡಬ್ಬ, ಕೆಂಪು ಪೇಂಟ್. ಬೆಂಕಿ ಅಂದ್ರೆ ಕೇಸರಿ ಬಟ್ಟೆ, ಟೇಬಲ್ ಫ್ಯಾನ್, ಎಲ್‌ಇಡಿ ಲೈಟ್. ಎಫೆಕ್ಟಿಗೆ ಇರ್ಲಿ ಅಂತ ಯಾರಾದ್ರೂ ಕರ್ಪೂರ ತಂದ್ರೆ ಕಸ್ಕೊಳ್ಳಿ, ಬಾಡಿಗೆ ಕಾಸ್ಟ್ಯೂಮ್ ಎಲ್ಲ ನೈಲಾನ್ ಪಾಲಿಸ್ಟರ್, ಬೆಂಕಿ ತಾಗಿದ್ರೆ ಕರಗಿ ಮೈಗೆ ಅಂಟ್ಕೊಳತ್ತೆ. ದೀಪ ಬೆಳಗೋ ಕಾರ್ಯಕ್ರಮ ಮುಗಿದ್ಮೇಲೆ ದೀಪದ ಕಂಬ ಸ್ಟೇಜಿಂದ ಇಳಿಸಿ.

ಸ್ಕ್ರಿಪ್ಟ್ ಕೊಡೋದೇ ದೊಡ್ಡ ತಲೆನೋವು. ಹೆಚ್ಚಿನ ಮಕ್ಕಳಿಗೆ ಕನ್ನಡ ಅಕ್ಷರ ಬರಲ್ಲ, ಹಿಂದಿ ಮರಾಠಿ ಓದ್ತಾರೆ ಅಂತ ದೇವನಾಗರಿಯಲ್ಲಿ ಬರೆದು ಕೊಡ್ತಾರೆ. ಅದ್ರಲ್ಲಿ ಳಕಾರಕ್ಕೆ ತೊಂದ್ರೆ ಇಲ್ಲ, ಮರಾಠಿಯಲ್ಲಿದೆ, ಆದ್ರೆ ಮಾಮೂಲಿ ದೇವನಾಗರಿ ಬರಹದಲ್ಲಿ ಎ ಏ, ಒ ಓ ಬೇರೆ ಬೇರೆ ಇಲ್ಲ, ಮಗು "ಬೆಂಕಿ"ನ "ಬೇಂಕಿ" ಅನ್ನತ್ತೆ, "ಕೊಡು" ಹೋಗಿ "ಕೋಡು" ಆಗತ್ತೆ. ಅದಕ್ಕೆ ಪೇಪರ್ ಬಿಟ್ಟು ವಾಟ್ಸಾಪ್ ವಾಯ್ಸ್ ನೋಟ್ ಕಳ್ಸಿ, ಒಬ್ಬೊಬ್ಬರ ಡೈಲಾಗ್ ಅವರ ಮನೆಯ ಅಜ್ಜಿ ಅಜ್ಜನ ಕೈಲೇ ರೆಕಾರ್ಡ್ ಮಾಡ್ಸಿದ್ರೆ ಇನ್ನೂ ಒಳ್ಳೇದು, ಧಾಟಿ ತಾನಾಗೇ ಬರತ್ತೆ. ಮಗು ಸ್ಟೇಜಲ್ಲಿ ಮರೆತ್ರೆ ಮಧ್ಯೆ ಹಿಂದಿ ಹಾಕ್ಲಿ ಬಿಡಿ, ನಿಲ್ಸಿ ತಿದ್ಬೇಡಿ.

ಮೈಕ್ ವಿಷಯ. ಹಾಲ್‌ನವರು ಸಾಮಾನ್ಯವಾಗಿ ಎರಡೋ ಮೂರೋ ಕೊಡ್ತಾರೆ, ಒಂದು ಸ್ಟೀಲ್‌ಗೆ, ಒಂದು ಡಿಲಿಸ್‌ಗೆ, ಮೂರನೇದಿದ್ರೆ ಪೆನ್ನಿಗೆ. ನಾರ್ಮನ್‌ಗೆ ಬೇಡ್ವೇ ಬೇಡ, ಸರಿಯಾದ ಮಗುನ ಆರಿಸಿದ್ರೆ ಅದರ ದನಿ ಪಾರ್ಕಿಂಗ್ ತನಕ ಕೇಳ್ಸತ್ತೆ.