ಆಟೋ ಸ್ಲ್ಯಾಕ್ ಅಡ್ಜಸ್ಟರ್ ಇದ್ದರೂ ಬ್ರೇಕ್ ಸಡಿಲ: ಕೊನೆಗೆ ಸಿಕ್ಕ ಕಾರಣ

ಏರ್ ಬ್ರೇಕ್ ಇರುವ ಭಾರಿ ವಾಹನ. ಹಿಂದಿನ ಆಕ್ಸಲ್‌ನ ಎಡ ಚಕ್ರದ ಪುಶ್ ರಾಡ್ (ಪೆಡಲ್ ಒತ್ತಿದಾಗ ಗಾಳಿಯ ಒತ್ತಡಕ್ಕೆ ಬ್ರೇಕ್ ಚೇಂಬರಿನಿಂದ ಹೊರಬರುವ ಸರಳು) ಬಲಗಡೆಯದಕ್ಕಿಂತ ಹೆಚ್ಚು ಹೊರಬರುತ್ತಿತ್ತು. ಬ್ರೇಕ್ ಲೈನಿಂಗ್ ಸವೆದಂತೆ ಸಡಿಲವನ್ನು ತಾನೇ ಸರಿಪಡಿಸಬೇಕಾದ ಆಟೋ ಸ್ಲ್ಯಾಕ್ ಅಡ್ಜಸ್ಟರಿನ ಬೋಲ್ಟ್ ತಿರುಗಿಸಿ ಬಿಗಿ ಮಾಡಿದರೆ ಸರಿಹೋಗಿ, ನಾಲ್ಕು ದಿನಕ್ಕೆ ಮತ್ತೆ ಅದೇ ಕಥೆ. ಗ್ಯಾರೇಜುಗಳಲ್ಲಿ ಇಲ್ಲಿಗೇ ಕೈಬಿಡುತ್ತಾರೆ. ಆಟೋ ಅಡ್ಜಸ್ಟರನ್ನು ಪದೇಪದೇ ಕೈಯಲ್ಲಿ ಬಿಗಿ ಮಾಡಬೇಕಾಗುತ್ತಿದೆ ಎಂದರೆ ದೋಷ ಇನ್ನೂ ಒಳಗೇ ಇದೆ.

ಮೊದಲು ಅಳತೆ. ಸಮತಟ್ಟು ನೆಲ, ಚಕ್ರ ಉರುಳದಂತೆ ಅಡ್ಡ ದಿಮ್ಮಿ, ಪಾರ್ಕಿಂಗ್ ಬ್ರೇಕ್ ಬಿಡುಗಡೆ, ಗಾಳಿ ಟ್ಯಾಂಕಿನಲ್ಲಿ 90–100 ಪಿಎಸ್‌ಐ ಒತ್ತಡ, ಎಂಜಿನ್ ಬಂದ್. ಚೇಂಬರ್ ಅಂಚಿಗೆ ಸರಿಯಾಗಿ ರಾಡ್ ಮೇಲೆ ಸೀಮೆಸುಣ್ಣದ ಗೆರೆ. ಒಬ್ಬರು ಪೆಡಲ್ ಪೂರ್ತಿ ಒತ್ತಿ ಹಿಡಿದಾಗ ಗೆರೆ ಎಷ್ಟು ಸರಿಯಿತು ನೋಡಿ. ಸಾಮಾನ್ಯ ಟೈಪ್ 30 (ಟೈಪ್ ಎಂದರೆ ಗಾತ್ರ) ಚೇಂಬರಿಗೆ ಮಿತಿ 2 ಇಂಚು, ಟೈಪ್ 24ಕ್ಕೆ 1¾. ಲಾಂಗ್ ಸ್ಟ್ರೋಕ್ ಚೇಂಬರಿಗೆ ಮಿತಿ ಬೇರೆ.

ಚಕ್ರ ಎತ್ತಿ, ತಿರುಗಿ ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುವ ಎಸ್ ಕ್ಯಾಮ್ ಶಾಫ್ಟನ್ನು ಮೇಲೆ ಕೆಳಗೆ ಅಲುಗಿಸಿದಾಗ ಅದು ಕೂರುವ ಬುಶ್ ಸವೆದದ್ದು ಗೊತ್ತಾಯಿತು. ರಾಡನ್ನು ಅಡ್ಜಸ್ಟರಿಗೆ ಜೋಡಿಸುವ ಕ್ಲೆವಿಸ್ ಪಿನ್ ಕೂಡ. ರಾಡಿನ ಚಲನೆ ಆ ಸಡಿಲದಲ್ಲೇ ವ್ಯರ್ಥ. ಬುಶ್, ಸೀಲ್, ಪಿನ್ ಬದಲಿಸಿ, ಲೈನಿಂಗ್ ಡ್ರಮ್ಮಿಗೆ ತಾಗುವವರೆಗೆ ಬಿಗಿದು ಅರ್ಧ ಸುತ್ತು ಹಿಂದಕ್ಕೆ ಬಿಟ್ಟದ್ದಷ್ಟೇ. ಹಿಂದಕ್ಕೆ ತಿರುಗಿಸುವಾಗ ಕಟಕಟ ಸದ್ದು, ಬಿಗುವು ಸಹಜ. ಇಂಪ್ಯಾಕ್ಟ್ ಗನ್ ಮಾತ್ರ ಬೇಡವೇ ಬೇಡ, ಅಡ್ಜಸ್ಟರ್ ಒಳಗಿನ ಕ್ಲಚ್ ಹಾಳಾಗುತ್ತದೆ.

ಊರೊಳಗೆ ಈ ಸಡಿಲ ತಿಳಿಯುವುದೇ ಇಲ್ಲ. ಶಿರಾಡಿ ಘಾಟಿ ಇಳಿಯುವಾಗ ಡ್ರಮ್ ಕಾದು ಹಿಗ್ಗಿ, ರಾಡ್ ಇನ್ನೂ ದೂರ ಹೋಗಬೇಕಾಗುತ್ತದೆ. ಚೇಂಬರಿನ ತಳ ತಾಗಿದರೆ ಪೆಡಲ್ ಎಷ್ಟು ಒತ್ತಿದರೂ ಆ ಚಕ್ರ ಹಿಡಿಯದು.