ವಿಂಡೋಸ್‌ನಿಂದ ಲಿನಕ್ಸ್‌ಗೆ: ಚಾಮರಾಜಪೇಟೆಯ ಒಂದು ಡಿ.ಟಿ.ಪಿ. ಅಂಗಡಿಯ ಅನುಭವ

ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕನ್ನಡ ಸಾಹಿತ್ಯ ಪರಿಷತ್ತಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ನಾನು 18 ವರ್ಷಗಳಿಂದ ಡಿ.ಟಿ.ಪಿ. ಅಂಗಡಿ ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು, ಸಂಘಗಳ ವಾರ್ಷಿಕ ವರದಿ ಇವೆಲ್ಲ ದಿನನಿತ್ಯದ ಕೆಲಸ. ಇವುಗಳ ಜೊತೆಗೆ ವರ್ಷಕ್ಕೆ ಹತ್ತು ಹನ್ನೆರಡು ಪುಸ್ತಕಗಳ ಪುಟವಿನ್ಯಾಸವೂ ಇರುತ್ತದೆ. ಅಂಗಡಿಯಲ್ಲಿರುವ ಮೂರು ಕಂಪ್ಯೂಟರ್‌ಗಳನ್ನು 2016ರಲ್ಲಿ ಎಸ್.ಪಿ. ರಸ್ತೆಯಲ್ಲಿ ಜೋಡಿಸಿ ತಂದದ್ದು. ಮೂರರಲ್ಲೂ ಇಂಟೆಲ್‌ನ 6ನೇ ತಲೆಮಾರಿನ ಪ್ರೊಸೆಸರ್ ಇದೆ. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆಂದು ತಿಳಿದಾಗ ವಿಂಡೋಸ್ 11ಕ್ಕೆ ಹೋಗಬಹುದೇ ಎಂದು ನೋಡಿದೆ. ಅದಕ್ಕೆ ಇಂಟೆಲ್‌ನಲ್ಲಾದರೆ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು, ಟಿ.ಪಿ.ಎಂ. 2.0 ಎಂಬ ಭದ್ರತಾ ಸೌಲಭ್ಯವೂ ಬೇಕು. ಚೆನ್ನಾಗಿ ಕೆಲಸ ಮಾಡುತ್ತಿರುವ ಮೂರು ಯಂತ್ರಗಳನ್ನು ಗುಜರಿಗೆ ಹಾಕಲು ನನಗೆ ಮನಸ್ಸು ಬರಲಿಲ್ಲ. ಹಾಗಾಗಿ ವಿಂಡೋಸ್ ಬದಲು ಬಳಸಬಹುದಾದ, ಉಚಿತವಾಗಿ ಸಿಗುವ, 2029ರವರೆಗೆ ಬೆಂಬಲವಿರುವ ಲಿನಕ್ಸ್ ಮಿಂಟ್ 22 ಅನ್ನು ಆರಿಸಿಕೊಂಡೆ.

ಅದನ್ನು ಕಂಪ್ಯೂಟರಿಗೆ ಹಾಕುವುದು ಕಷ್ಟವಾಗಲಿಲ್ಲ. ಪೆನ್ ಡ್ರೈವ್‌ನಿಂದಲೇ ಎರಡು ದಿನ ನಡೆಸಿ ನೋಡಿ, ಮೂರನೆಯ ದಿನ ಒಂದು ಕಂಪ್ಯೂಟರಿನಲ್ಲಿ ವಿಂಡೋಸ್ ಪಕ್ಕದಲ್ಲಿಯೇ ಅದನ್ನು ಕೂರಿಸಿದೆ. ಮರುದಿನ ಬೆಳಿಗ್ಗೆ 11 ಗಂಟೆಗೆ ವಿಂಡೋಸ್ ತೆರೆದರೆ ಗಡಿಯಾರ ಐದೂವರೆ ಎಂದು ತೋರಿಸುತ್ತಿತ್ತು. ಕಂಪ್ಯೂಟರಿನೊಳಗಿನ ಗಡಿಯಾರದಲ್ಲಿರುವುದು ಸ್ಥಳೀಯ ಸಮಯವೆಂದು ವಿಂಡೋಸ್ ತಿಳಿಯುತ್ತದೆ. ಲಿನಕ್ಸ್ ಅಲ್ಲಿ ಜಾಗತಿಕ ಪ್ರಮಾಣ ಸಮಯವನ್ನು ಬರೆದಿಡುತ್ತದೆ. ನಮ್ಮ ಸಮಯಕ್ಕೂ ಅದಕ್ಕೂ ಇರುವ ಐದೂವರೆ ಗಂಟೆಯ ಅಂತರವೇ ಅಲ್ಲಿ ಕಂಡದ್ದು. ಕಾರಣ ಗೊತ್ತಾದ ಮೇಲೆ ಇದು ಒಂದು ನಿಮಿಷದ ಕೆಲಸ, ಗೊತ್ತಾಗುವವರೆಗೆ ಅರ್ಧ ದಿನ ಹೋಯಿತು. ಹಾಗೆಯೇ ಹಳೆಯ ಕೆಲಸಗಳಿದ್ದ ಎರಡನೆಯ ಡಿಸ್ಕ್ ಲಿನಕ್ಸ್‌ನಲ್ಲಿ ತೆರೆದುಕೊಂಡರೂ ಅದರಲ್ಲಿ ಏನನ್ನೂ ಉಳಿಸಲು ಬಿಡುತ್ತಿರಲಿಲ್ಲ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಕಂಪ್ಯೂಟರನ್ನು ಆರಿಸಿದಾಗಲೂ ಅದು ಪೂರ್ತಿ ಆರುವುದಿಲ್ಲ. ಅಂಥ ಡಿಸ್ಕನ್ನು ಲಿನಕ್ಸ್ ಎಚ್ಚರಿಕೆಯಿಂದ ಓದಲು ಮಾತ್ರ ತೆರೆಯುತ್ತದೆ. ಆ ಸೌಲಭ್ಯವನ್ನು ನಿಲ್ಲಿಸಿದ ಮೇಲೆ ಸರಿಹೋಯಿತು. ಪ್ರಿಂಟರಿನ ವಿಷಯದಲ್ಲಿ ಮಾತ್ರ ಸೋತೆ. ನನ್ನ ಹಳೆಯ ಲೇಸರ್ ಪ್ರಿಂಟರಿಗೆ ಅದನ್ನು ನಡೆಸುವ ಸರಿಯಾದ ಡ್ರೈವರ್ ತಂತ್ರಾಂಶ ಸಿಗದೆ, ಒಂದು ವಾರ ಹೆಣಗಿದ ಮೇಲೆ ಡ್ರೈವರ್ ಬೇಡದ ಇನ್ನೊಂದನ್ನು ಕೊಂಡೆ. ವಲಸೆ ಹೋಗುವವರು ಮೊದಲು ಪ್ರಿಂಟರನ್ನು ಪರೀಕ್ಷಿಸಿ ನೋಡಬೇಕೆಂದು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ.

ಇವೆಲ್ಲ ಯಾವ ಊರಿನವರಿಗೂ ಯಾವ ಭಾಷೆಯವರಿಗೂ ಬರುವ ತೊಂದರೆಗಳು. ಕನ್ನಡದ ಕೆಲಸಗಾರನಾಗಿ ನನಗೆ ಎದುರಾದ ತೊಂದರೆ ಬೇರೆ. ಕಳೆದ ಹದಿನೈದಕ್ಕೂ ಹೆಚ್ಚು ವರ್ಷ ನಾನು ಅಕ್ಷರ ಜೋಡಿಸಿದ್ದೆಲ್ಲ ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ. ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಬೇರೆ ದಾರಿ ಇಲ್ಲದಿದ್ದ ಕಾಲದಲ್ಲಿ ರೂಪುಗೊಂಡ ಆ ಬಗೆಯ ಫಾಂಟ್‌ಗಳಲ್ಲಿ ಇಂಗ್ಲಿಷ್ ಮತ್ತು ಯೂರೋಪಿನ ಇತರ ಭಾಷೆಗಳ ಅಕ್ಷರಗಳಿರುವ ಇನ್ನೂರು ಚಿಲ್ಲರೆ ಸ್ಥಾನಗಳಲ್ಲಿ ಕನ್ನಡದ ಅಕ್ಷರ, ಗುಣಿತದ ಚಿಹ್ನೆ ಮತ್ತು ಒತ್ತುಗಳ ತುಂಡುಗಳನ್ನು ಕೂರಿಸಲಾಗಿತ್ತು. ಅಂದರೆ ಕಡತದೊಳಗೆ ಇರುವುದು ಕನ್ನಡವಲ್ಲ, ಕನ್ನಡವಾಗಿ ಕಾಣಿಸುವ ಲ್ಯಾಟಿನ್ ಸಂಕೇತಗಳು. ಕನ್ನಡಕ್ಕೆ, ಎಲ್ಲ ಲಿಪಿಗಳ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಜಾಗತಿಕ ಪದ್ಧತಿಯಾದ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಲ್ಲೇ ಸ್ಥಾನ ಸಿಕ್ಕಿತ್ತು, ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಕೂಡ ಬಂದಿತ್ತು; ಆದರೆ ನಾವು ಪುಟ ಕಟ್ಟುತ್ತಿದ್ದ ಪೇಜ್‌ಮೇಕರ್ ಯೂನಿಕೋಡ್ ಅರಿಯದ ತಂತ್ರಾಂಶವಾಗಿದ್ದರಿಂದ ಅಂಗಡಿಗಳು ಹಳೆಯ ಸಂಕೇತದಲ್ಲೇ ಉಳಿದವು. ಆ ದಿನಗಳಲ್ಲಿ ನುಡಿ ಇಲ್ಲದಿದ್ದರೆ ನನ್ನ ಅಂಗಡಿಯೇ ಇರುತ್ತಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು.

ಲಿನಕ್ಸ್‌ನಲ್ಲಿ ಆ ಕಡತಗಳನ್ನು ತೆರೆದ ದಿನ ಪುಟದ ತುಂಬ ತಲೆಯ ಮೇಲೆ ಚುಕ್ಕೆ, ಗೀರುಗಳಿರುವ ಲ್ಯಾಟಿನ್ ಅಕ್ಷರಗಳೇ ಕಂಡವು. ಫಾಂಟ್‌ಗಳನ್ನು ನಕಲು ಮಾಡಿ ಹಾಕಿದ ಮೇಲೆ ಕನ್ನಡ ಕಾಣಿಸಿತೇನೋ ನಿಜ, ಆದರೆ ಒಂದು ಅಕ್ಷರ ತಿದ್ದಬೇಕೆಂದರೆ ಆ ಸಂಕೇತಗಳನ್ನು ಮೂಡಿಸುವ ಕೀಲಿಮಣೆಯ ತಂತ್ರಾಂಶ ಇಲ್ಲಿರಲಿಲ್ಲ. ಪರಿವರ್ತನೆ ಮಾಡದೆ ಗತ್ಯಂತರವಿರಲಿಲ್ಲ.

ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಬರಿಯ ಪಠ್ಯವನ್ನು ಕೊಟ್ಟರೆ ಯೂನಿಕೋಡ್ ಪಠ್ಯ ಹೊರಬರುತ್ತದೆ. ಆದರೆ ಪುಸ್ತಕದ ನಡುವೆ ಒಂದು ಇಂಗ್ಲಿಷ್ ಪದ ಬಂದರೆ ಅದೂ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಬದಲಾಗುತ್ತದೆ, ಏಕೆಂದರೆ ಯಾವ ಪದ ಯಾವ ಫಾಂಟಿನಲ್ಲಿತ್ತು ಎಂಬ ಮಾಹಿತಿ ಬರಿಯ ಪಠ್ಯದಲ್ಲಿ ಉಳಿದಿರುವುದಿಲ್ಲ. ಇಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗ ಇದಕ್ಕೊಂದು ಉಪಾಯ ಹೇಳಿದ. "ಮಾವ, ವರ್ಡ್ ಕಡತದೊಳಗೆ ಪ್ರತಿ ತುಂಡಿನ ಜೊತೆ ಫಾಂಟಿನ ಹೆಸರೂ ಇರುತ್ತೆ. ನುಡಿ ಅಂತ ಇರೋದನ್ನ ಮಾತ್ರ ಬದಲಾಯಿಸೋಣ" ಎಂದು ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟ. ಇಂಗ್ಲಿಷ್ ಪದಗಳು ಉಳಿದವು. ಆದರೆ ಅಲ್ಲಲ್ಲಿ ಅರ್ಕಾವೊತ್ತು ಮಾಯವಾಯಿತು. ಕೆಲವೆಡೆ ಧರ್ಮ ಎಂಬುದು ಧಮ ಆಯಿತು. ಕಾರಣ ಹುಡುಕಲು ಎರಡು ಸಂಜೆ ಬೇಕಾದವು. ಹಳೆಯ ಸಂಕೇತದಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ ಅಕ್ಷರದ ನಂತರ ಇರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮದಲ್ಲಿ ರಕಾರ ಮೊದಲು ಬರುತ್ತದೆ. ಹಾಗಾಗಿ ಪರಿವರ್ತಕ ಅದನ್ನು ಹಿಂದಕ್ಕೆ ಎಳೆದು ತರಬೇಕು. ನಾವು ಎಂದೋ ತಿದ್ದಿದ ಜಾಗಗಳಲ್ಲಿ ವರ್ಡ್ ಒಂದೇ ಪದವನ್ನು ಎರಡು ತುಂಡುಗಳಾಗಿ ಇಟ್ಟುಕೊಂಡಿತ್ತು, ಮಕಾರ ಒಂದು ತುಂಡಿನ ಕೊನೆಯಲ್ಲಿ, ಅರ್ಕಾವೊತ್ತು ಮುಂದಿನ ತುಂಡಿನ ಮೊದಲಲ್ಲಿ. ಒಂದೇ ಫಾಂಟಿನ ಅಕ್ಕಪಕ್ಕದ ತುಂಡುಗಳನ್ನು ಮೊದಲು ಒಂದುಗೂಡಿಸಿ ಆಮೇಲೆ ಪರಿವರ್ತಿಸಿದಾಗ ಆ ದೋಷ ಹೋಯಿತು.

ಅಷ್ಟಾದರೂ ಕರಡು ತಿದ್ದುವುದು ತಪ್ಪಲಿಲ್ಲ. 'ಸಾಫ್ಟ್‌ವೇರ್' ಎಂಬಲ್ಲಿ ವಕಾರ ಒತ್ತಾಗಿ ಕೆಳಗಿಳಿದು 'ಸಾಫ್ಟ್ವೇರ್' ಆಗಿತ್ತು. ಅರ್ಧಾಕ್ಷರವನ್ನು ಹಾಗೆಯೇ ನಿಲ್ಲಿಸಲು ಯೂನಿಕೋಡ್‌ನಲ್ಲಿ ಕಣ್ಣಿಗೆ ಕಾಣದ ಒಂದು ಚಿಹ್ನೆ ಬೇಕು, ಪರಿವರ್ತನೆಯಲ್ಲಿ ಅದು ತಾನಾಗಿ ಬರುವುದಿಲ್ಲ. ಅಂಥ ಪದಗಳ ಪಟ್ಟಿಯೊಂದನ್ನು ಮಾಡಿಕೊಂಡು ಪ್ರತಿ ಪುಸ್ತಕದಲ್ಲೂ ಹುಡುಕಿ ಬದಲಿಸುತ್ತೇನೆ. ಪರಿವರ್ತಿತ ಕಡತವನ್ನು ಹಳೆಯ ಮುದ್ರಿತ ಪುಸ್ತಕದ ಪಕ್ಕದಲ್ಲಿಟ್ಟು ಓದದೆ ಯಾರೂ ಮುದ್ರಣಕ್ಕೆ ಕಳಿಸಬಾರದು.

ಇನ್ನು ಬೆರಳುಗಳ ಮಾತು. ನುಡಿಯಲ್ಲಿ ನಾನು ಬಳಸುತ್ತಿದ್ದ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ಲಿನಕ್ಸ್‌ನಲ್ಲೂ ಕೆಜಿಪಿ ಎಂಬ ಹೆಸರಿನಲ್ಲಿ ಇದೆ ಎಂದು ತಿಳಿದಾಗ ದೊಡ್ಡ ಭಾರ ಇಳಿದಂತಾಯಿತು. ಐಬಸ್ ಮತ್ತು ಎಂ17ಎನ್ ಎಂಬ ಎರಡು ತಂತ್ರಾಂಶಗಳನ್ನು ಹಾಕಿಕೊಂಡರೆ ಅದು ಸಿಗುತ್ತದೆ. ಆದರೂ ಮೊದಲ ಮೂರು ವಾರ ಕಷ್ಟಪಟ್ಟೆ. ಕನ್ನಡದಿಂದ ಇಂಗ್ಲಿಷಿಗೆ ಹೋಗಲು ಸ್ಕ್ರೋಲ್ ಲಾಕ್ ಒತ್ತುವ ಅಭ್ಯಾಸ ನನ್ನದು. ಇಲ್ಲಿ ಅದಕ್ಕೆ ವಿಂಡೋಸ್ ಗುರುತಿನ ಕೀಲಿ ಮತ್ತು ಸ್ಪೇಸ್ ಬಾರ್ ಒಟ್ಟಿಗೆ ಒತ್ತಬೇಕು. 'ಸ್ತ್ರೀ' ಎಂಬ ಒಂದು ಅಕ್ಷರದ ಒಳಗೆ ಯೂನಿಕೋಡ್‌ನ ಆರು ಸಂಕೇತಗಳಿವೆ, ಬ್ಯಾಕ್‌ಸ್ಪೇಸ್ ಒತ್ತಿದಂತೆ ಅದು ಒಂದೊಂದಾಗಿ ಕಳಚಿಕೊಳ್ಳುತ್ತದೆ. ಇದಕ್ಕೆ ಕೈ ಹೊಂದಲು ಇನ್ನೂ ಹೆಚ್ಚು ಕಾಲ ಹಿಡಿಯಿತು. ವರ್ಡ್ ಬದಲು ಬಳಸುವ ಲಿಬ್ರೆ ಆಫೀಸಿನಲ್ಲಿ ಶೈಲಿಯ ಅಕ್ಷರಗಾತ್ರವನ್ನು 14 ಮಾಡಿದರೂ ಕನ್ನಡ 12ರಲ್ಲೇ ನಿಂತಿರುತ್ತಿತ್ತು. ಇಂಗ್ಲಿಷಿನಂಥ ಲಿಪಿಗಳಿಗೊಂದು, ಕನ್ನಡದಂಥ ಸಂಕೀರ್ಣ ಲಿಪಿಗಳಿಗೊಂದು ಎಂದು ಫಾಂಟ್ ಮತ್ತು ಗಾತ್ರವನ್ನು ಅದು ಬೇರೆ ಬೇರೆಯಾಗಿ ಇಟ್ಟುಕೊಳ್ಳುತ್ತದೆ. ಆಯ್ಕೆಗಳಲ್ಲಿ ಸಂಕೀರ್ಣ ಲಿಪಿಯ ವಿಭಾಗವನ್ನು ಚಾಲೂ ಮಾಡಿ, ಶೈಲಿಯಲ್ಲಿ ಎರಡನ್ನೂ ಬದಲಿಸಬೇಕು. ಅಂಗಡಿಯ ಹುಡುಗಿ ಇದನ್ನು ನನಗಿಂತ ಬೇಗ ಕಲಿತಳು, ಅವಳಿಗೆ ಮರೆಯಬೇಕಾದ್ದು ಕಡಿಮೆ ಇತ್ತು.

ಪುಟವಿನ್ಯಾಸಕ್ಕೆ ಈಗ ಸ್ಕ್ರೈಬಸ್ ಬಳಸುತ್ತಿದ್ದೇನೆ. ಅದರ 1.4ರ ಸಾಲಿನ ಆವೃತ್ತಿಗಳಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡುತ್ತಿರಲಿಲ್ಲ. 2024ರ ಆರಂಭದಲ್ಲಿ ಬಂದ 1.6ರಲ್ಲಿ ಸರಿಯಾಗಿ ಮೂಡುತ್ತವೆ, ಮುದ್ರಣಾಲಯಕ್ಕೆ ಬೇಕಾದ ನಾಲ್ಕು ಬಣ್ಣಗಳ ಪಿ.ಡಿ.ಎಫ್. ಕೂಡ ಸಿಗುತ್ತದೆ. ಪುಸ್ತಕಕ್ಕೆ ನೋಟೋ ಸೆರಿಫ್, ಶೀರ್ಷಿಕೆಗೆ ನವಿಲು ಅಥವಾ ಗುಬ್ಬಿ ಫಾಂಟ್. ಲಗ್ನಪತ್ರಿಕೆಗೆ ಬೇಕಾದ ಬಳ್ಳಿಯಂತೆ ಬಳುಕುವ ಅಕ್ಷರಗಳ ವೈವಿಧ್ಯ ಮಾತ್ರ ಯೂನಿಕೋಡ್‌ನಲ್ಲಿ ಹಳೆಯ ಫಾಂಟ್‌ಗಳಷ್ಟು ಇನ್ನೂ ನನಗೆ ಸಿಕ್ಕಿಲ್ಲ, ಮತ್ತು ಈ ಕೊರತೆ ನನ್ನನ್ನು ನಿಜವಾಗಿ ಬಾಧಿಸುತ್ತದೆ.

ಮೊನ್ನೆ ನಿವೃತ್ತ ಅಧ್ಯಾಪಕರೊಬ್ಬರು 2009ರಲ್ಲಿ ನಾನೇ ಅಕ್ಷರ ಜೋಡಿಸಿದ್ದ ತಮ್ಮ ಪ್ರಬಂಧ ಸಂಕಲನದ ಎರಡನೆಯ ಮುದ್ರಣಕ್ಕೆ ಬಂದಿದ್ದರು. ಪರಿವರ್ತಿಸಿದ ಕಡತದಲ್ಲಿ ತಮ್ಮ ಊರಿನ ಹೆಸರನ್ನು ಹುಡುಕಿಕೊಡಿ ಎಂದರು. ಹುಡುಕು ಪೆಟ್ಟಿಗೆಯಲ್ಲಿ ಕನ್ನಡದಲ್ಲೇ ಬರೆದಾಗ ಹದಿನೇಳು ಕಡೆ ಅದು ಬೆಳಗಿ ನಿಂತಿತು. "ಹಾಗಾದರೆ ಪದಸೂಚಿಯನ್ನೂ ಹಾಕಬಹುದಲ್ಲ ಸ್ವಾಮಿ" ಎಂದು ಕೇಳಿದರು. ಮೊದಲ ಮುದ್ರಣದಲ್ಲಿ ಅದು ಕೈಯಿಂದ ಮಾಡಬೇಕಾದ ಕೆಲಸವಾಗಿದ್ದರಿಂದ ಕೈಬಿಟ್ಟಿದ್ದೆವು. ಮೂರನೆಯ ಕಂಪ್ಯೂಟರ್ ಇಂದಿಗೂ ಇಂಟರ್ನೆಟ್ ಸಂಪರ್ಕವಿಲ್ಲದೆ ಹಳೆಯ ವಿಂಡೋಸ್‌ನಲ್ಲೇ ಇದೆ, ಪೇಜ್‌ಮೇಕರ್ ಕಡತಗಳಿಂದ ಪಠ್ಯ ಹೊರತೆಗೆಯಲು ಅದು ಬೇಕು. ಪರಿವರ್ತನೆಯಾಗಬೇಕಾದ ಪುಸ್ತಕಗಳು ಇನ್ನೂ 40ರಷ್ಟು ಉಳಿದಿವೆ. ತಿಂಗಳಿಗೆ ಎರಡರಂತೆ ಮುಗಿಸುತ್ತಿದ್ದೇನೆ.